ಓದು ಕೇಳುವ ಕುರ್ಚಿ

"ಮನುಷ್ಯರ ಮುಂದೆ ಓದು ಅಂದ್ರೆ ಈ ಮಕ್ಕಳ ನಾಲಿಗೆ ಒಣಗಿಹೋಗುತ್ತೆ ಕಣ್ರೀ. ಒಂದಕ್ಷರ ತಪ್ಪಿದ್ರೆ ಸಾಕು, ಪಕ್ಕದವನು ಕಿಸಕ್ಕಂತಾನೆ. ದೊಡ್ಡವರು ನಗಲ್ಲ ನಿಜ, ಆದ್ರೆ ಉಸ್ಸಪ್ಪಾ ಅಂತಾರೆ, ಅದು ನಗೋದಕ್ಕಿಂತ ಕೆಟ್ಟದ್ದು. ಅದಕ್ಕೇ ನಾನು ಎದುರಿಗೆ ಒಂದು ಖಾಲಿ ಕುರ್ಚಿ ಹಾಕ್ತೀನಿ. ಇದಕ್ಕೆ ಓದಿ ಹೇಳು ಅಂತೀನಿ. ಕುರ್ಚಿ ನಗಲ್ಲ, ಗಡಿಯಾರ ನೋಡಲ್ಲ, ಇಷ್ಟೂ ಬರಲ್ವಾ ಅನ್ನಲ್ಲ. ನಾನು ಬೆನ್ನು ತಿರುಗಿಸ್ಕೊಂಡು ಸ್ಲೇಟು ಒರೆಸ್ತಾ ಇರ್ತೀನಿ, ಕಿವಿ ಮಾತ್ರ ಅಲ್ಲೇ ಇರುತ್ತೆ. ಇವಳಿಗೆ ಹುಚ್ಚು ಅಂದವರೂ ಇದ್ದಾರೆ. ಅನ್ಲಿ ಬಿಡಿ. ಕುರ್ಚಿ ಕೇಳಿಸ್ಕೊಳ್ಳುತ್ತೆ ಅಂತ ನಾನೇನೂ ನಂಬಿರ್ಲಿಲ್ಲ, ಆಗ."

ಆ 'ಆಗ' ಎಂಬಲ್ಲಿಗೆ ಬಂದಾಗ ಓದಿಸುವ ಟೀಚರ್ ಸ್ವಲ್ಪ ತಡೆಯುತ್ತಿದ್ದರು.

ಅವರ ಕೋಣೆ ಶಾಲೆಯ ಪಡಸಾಲೆಯ ತುದಿಯಲ್ಲಿ, ಉಗ್ರಾಣದ ಪಕ್ಕದಲ್ಲಿತ್ತು. ಪುಟದ ಮೇಲೆ ಅಕ್ಷರಗಳು ನಿಂತಲ್ಲಿ ನಿಲ್ಲದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಒಂದೇ ಸಾಲು ಕಾಣುವಂತೆ ಕಿಂಡಿ ಕೊರೆದ ರಟ್ಟು, ಬೆರಳಿನಿಂದ ಅಕ್ಷರ ತೀಡಲು ಮರಳಿನ ತಟ್ಟೆ, ಆ ಕುರ್ಚಿ. ಇಷ್ಟೇ ಅವರ ಆಸ್ತಿ.

ಪಿಟ್ಟೆನ್ನದ ಹುಡುಗಿಯೊಬ್ಬಳು ಬಂದಳು. ಅದಕ್ಕೇ ಜೊತೆಯ ಮಕ್ಕಳು ಅವಳನ್ನು ಪಿಟ್ಟಿ ಅನ್ನುತ್ತಿದ್ದರು. ಶಾಲೆಯ ದೊಡ್ಡ ಮೇಡಂ ಕಡ್ಡಿ ಮುರಿದಂತೆ ಹೇಳಿದರು: "ವರ್ಷದ ಕೊನೇಲಿ ನನ್ನೆದುರು ಒಂದು ಪುಟ ಓದ್ಲಿ. ಇಲ್ಲಾಂದ್ರೆ ಅವರಪ್ಪ ಶಾಲೆ ಬಿಡಿಸ್ತಾನಂತೆ. ನಾನಾದ್ರೂ ಎಷ್ಟು ಅಂತ ತಡೀಲಿ?"

ಬಹಳ ದಿನ ಪಿಟ್ಟಿ ಬರೀ ತುಟಿ ಅಲ್ಲಾಡಿಸಿದಳು. ಒಂದು ಬೆಳಿಗ್ಗೆ ಟೀಚರ ಬೆನ್ನ ಹಿಂದೆ ಸಣ್ಣ ದನಿ ಎದ್ದಿತು. ಅವರು ತಿರುಗಲಿಲ್ಲ. ಹುಡುಗಿ ಒಂದು ಸಾಲು ಓದಿದಳು. ಅದನ್ನೇ ಮತ್ತೆ ಓದಿದಳು. ಇನ್ನೂ ನಿಧಾನವಾಗಿ ಮತ್ತೊಮ್ಮೆ.

"ಯಾಕಮ್ಮಾ, ಅದನ್ನೇ ಓದ್ತಿದ್ದೀಯ?"

"ಅವಳಿಗೆ ಬರ್ಲಿಲ್ಲ ಮಿಸ್."

"ಯಾರಿಗೆ?"

ಪಿಟ್ಟಿ ಗದ್ದದಿಂದಲೇ ಕುರ್ಚಿಯನ್ನು ತೋರಿಸಿದಳು. "ಅವಳು ನನಗಿಂತ ದಡ್ಡಿ. ಒಂದೊಂದಕ್ಷರಾನೂ ಹೇಳ್ಕೊಡ್ಬೇಕು."

ಮಕ್ಕಳಾಟ ಎಂದು ಟೀಚರ್ ನಕ್ಕರು. ಸಂಜೆ ಕುರ್ಚಿ ಎತ್ತಲು ಹೋದಾಗ ಕೂರುವ ಹಲಗೆ ಬೆಚ್ಚಗಿತ್ತು. ಆ ಕೋಣೆಗೆ ಬಿಸಿಲು ಬರುವುದಿಲ್ಲ, ಕಿಟಕಿಯ ಎದುರಿಗೆ ಗೋಡೆ. ಮರಳಿನ ತಟ್ಟೆಯಲ್ಲಿ ಪಿಟ್ಟಿ ತೀಡಿದ ಅಕ್ಷರವಿತ್ತು. ಅದರೆದುರು, ಕುರ್ಚಿಯ ಕಡೆಗೆ ಮುಖ ಮಾಡಿ, ಅದೇ ಅಕ್ಷರ ಇನ್ನೊಂದು. ಅಡ್ಡಾದಿಡ್ಡಿಯಾಗಿ, ಈಗಷ್ಟೇ ಕಲಿಯುವವರ ಬೆರಳಿನದು. ಮರಳು ಸಮ ಮಾಡಲು ಚಾಚಿದ ಕೈಯನ್ನು ಅವರು ಹಿಂದಕ್ಕೆಳೆದುಕೊಂಡರು.

ಕುರ್ಚಿ ತೆಗೆದರೆ ಹುಡುಗಿಯ ಬಾಯಿ ಮತ್ತೆ ಕಟ್ಟುತ್ತದೆ. ಇಟ್ಟರೆ ಅದಕ್ಕೆ ಬೆನ್ನು ತಿರುಗಿಸಿ ನಿಲ್ಲಬೇಕು. ಟೀಚರ್ ಇಟ್ಟರು. ಸ್ಲೇಟು ಒರೆಸುವಾಗ ಕುತ್ತಿಗೆಯ ಹಿಂದೆ ಜುಮ್ಮೆನ್ನುತ್ತಿತ್ತು. ಆದರೆ ಹಿಂದಿನಿಂದ ಬರುವ ಓದು ದಿನದಿನಕ್ಕೂ ಗಟ್ಟಿಯಾಗುತ್ತಿತ್ತು. ಬರಬರುತ್ತಾ ಪಿಟ್ಟಿ ಗದರಿಸುವುದನ್ನೂ ಕಲಿತಳು: "ಇಲ್ಲಿ ನೋಡೇ, ಕಿಟಕಿ ಕಡೆ ಏನಿದೆ?"

ಓದಿಸಿ ನೋಡುವ ದಿನ ದೊಡ್ಡ ಮೇಡಂ ಬಂದರು. ಟೀಚರ್ ಮರ್ಯಾದೆಗೆಂದು ಬಾಯಿತಪ್ಪಿ, "ಕೂತ್ಕೊಳ್ಳಿ ಮೇಡಂ" ಅಂದುಬಿಟ್ಟರು. ಮಕ್ಕಳ ಪುಟ್ಟ ಕುರ್ಚಿಗಳನ್ನು ಬಿಟ್ಟರೆ ಖಾಲಿ ಇದ್ದದ್ದು ಅದೊಂದೇ ಕುರ್ಚಿ. ಅವರು ಕೂತರು. ಪಿಟ್ಟಿಯ ತುಟಿ ಹೊಲಿದಂತೆ ಮುಚ್ಚಿಕೊಂಡಿತು.

"ಹೂಂ, ಶುರು ಮಾಡಮ್ಮ." ಮೇಡಂ ಕೂತಲ್ಲೇ ಮಿಸುಕಾಡಿದರು. "ಇದೇನ್ರೀ ಕುರ್ಚಿ ಬೆಚ್ಚಗಿದೆ? ಯಾರು ಕೂತಿದ್ರು?"

ಹುಡುಗಿ ರಟ್ಟಿನ ಕಿಂಡಿಯನ್ನೇ ನೋಡುತ್ತಿದ್ದಳು. ಮೇಡಂ ಕಾದು ಕಾದು ಕನ್ನಡಕ ತೆಗೆದರು. "ಆಯ್ತು ಬಿಡಿ. ಅವರಪ್ಪನಿಗೆ ಹೇಳಿಕಳಿಸ್ತೀನಿ."

"ಮೇಡಂ, ನೀವು ಸ್ವಲ್ಪ ಎದ್ದು ನಿಂತ್ಕೋಬೇಕು," ಅಂದರು ಟೀಚರ್.

"ಏನಂದ್ರಿ?"

"ನೀವು ಅವಳ ತೊಡೆ ಮೇಲೆ ಕೂತಿದ್ದೀರ ಮೇಡಂ," ಅಂದಳು ಪಿಟ್ಟಿ. "ಪಾಪ, ಅವಳಿಗೆ ಪುಸ್ತಕ ಕಾಣ್ತಿಲ್ಲ."

ಮೇಡಂ ಕೆಂಡ ತಗುಲಿದವರಂತೆ ಎದ್ದು ಬಾಗಿಲ ಬಳಿ ನಿಂತರು. ಟೀಚರ್ ಎಂದಿನಂತೆ ಬೆನ್ನು ತಿರುಗಿಸಿ ಸ್ಲೇಟು ತೆಗೆದುಕೊಂಡರು. ಪಿಟ್ಟಿ ಓದಿದಳು. ರಟ್ಟು ಒಂದೊಂದೇ ಸಾಲು ಕೆಳಗಿಳಿಯುವ ಸದ್ದು, ಅದರ ಜೊತೆಗೆ ಅವಳ ದನಿ. ಕೊನೆಯ ಸಾಲಿಗೆ ಬಂದು ನಿಂತಳು. ರಟ್ಟನ್ನು ಕುರ್ಚಿಯ ಕಡೆಗೆ ಸರಿಸಿ ಕಿವಿಯಿಟ್ಟಳು. ಆಮೇಲೆ "ಹೂಂ, ಸರಿಯಾಗಿದೆ" ಎಂದು ಯಾರಿಗೋ ಹೇಳಿ, ಆ ಸಾಲನ್ನು ತಾನೂ ಓದಿ ಮುಗಿಸಿದಳು.

ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. "ಓದ್ತಾಳೆ. ಅವರಪ್ಪನ ಹತ್ರ ನಾನೇ ಮಾತಾಡ್ತೀನಿ, ಶಾಲೆ ಬಿಡಿಸೋದು ಬೇಡ," ಅಂದರು. ಹೊರಗೆ ಕಾಲಿಟ್ಟವರು, ಕಳಿಸಲು ಬಂದ ಟೀಚರ ಕಿವಿಯ ಹತ್ತಿರ ಬಗ್ಗಿದರು. "ಕೊನೇ ಸಾಲು ಮೊದಲು ಓದಿದ್ದು ಇವಳಲ್ಲ, ಅಲ್ವಾ?"

"ನಾನು ಬೆನ್ನು ತಿರುಗಿಸಿದ್ದೆ ಮೇಡಂ."

ನಾಳೆಯಿಂದ ಪಿಟ್ಟಿ ಎಲ್ಲರ ಜೊತೆ ದೊಡ್ಡ ತರಗತಿಯಲ್ಲಿ ಕೂರುವವಳು. ಸಂಜೆ ಚೀಲ ಹೆಗಲಿಗೇರಿಸಿ ಹೋದವಳು ಬಾಗಿಲಿಂದ ತಿರುಗಿ ಬಂದಳು.

"ಮಿಸ್, ಅವಳಿನ್ನೂ ಅರ್ಧ ಪುಸ್ತಕದಲ್ಲಿದ್ದಾಳೆ. ಇನ್ಮೇಲೆ ನೀವೇ ಹೇಳ್ಕೊಡಿ. ಬೈಬೇಡಿ, ಅಳ್ತಾಳೆ."

ಹುಡುಗಿಯ ಹೆಜ್ಜೆಸದ್ದು ಪಡಸಾಲೆಯಲ್ಲಿ ಅಡಗಿತು. ಟೀಚರ್ ದಿನದಂತೆ ಮಕ್ಕಳ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟರು, ಅದೊಂದನ್ನು ಬಿಟ್ಟು. ಪೊರಕೆ ಹಿಡಿದು ಮೂಲೆಯಿಂದ ಗುಡಿಸುತ್ತಾ ಅದರ ಹತ್ತಿರ ಬಂದರು.

"ಸ್ವಲ್ಪ ಕಾಲೆತ್ಕೋ ತಾಯಿ," ಅಂದರು. ಒಂದು ಗಳಿಗೆ ಕಾದರು. ಆಮೇಲೆ ಕುರ್ಚಿಯ ಕೆಳಗೆ ಚೆಲ್ಲಿದ್ದ ಮರಳನ್ನು ಗುಡಿಸಿ, ಕಸವನ್ನೆಲ್ಲ ಬಾಗಿಲ ಬಳಿ ಒಟ್ಟುಮಾಡಿದರು.