ಅಕ್ಕ ಕೊಟ್ಟ ಉಗುಳು

ಈ ವಯಸ್ಸಿನಲ್ಲೂ ಬೆಳಗಿನ ಪೂಜೆಗೆ ಕೂಡುವಷ್ಟು ಬಲ ಉಳಿಸಿದ ಶಿವನಿಗೂ, ನನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದ ಅಕ್ಕನಿಗೂ ಶರಣು. ಆ ಅಕ್ಕನ ಕೊನೆಯ ದಾನವನ್ನು ಕೆಡಿಸಿದವನು ನಾನು. ಕೆಡಿಸಿ, ಸುಳ್ಳು ಹೇಳಿದವನೂ ನಾನೇ.

ಅಕ್ಕನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಚಿಕಿತ್ಸೆಗೆಂದು ಸಂಗೊಳ್ಳಿಯಿಂದ ಬೈಲಹೊಂಗಲದ ನನ್ನ ಮನೆಗೆ ಬಂದಿದ್ದಳು. ಬೆಳಗಾವಿಯ ವೈದ್ಯರೊಬ್ಬರು ವಿವರಿಸಿದರು — ಬಾಯಿಯಲ್ಲಿ, ಕರುಳಿನಲ್ಲಿ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು ಆ ಗಡ್ಡೆಯೊಳಗೂ ಸಿಗುತ್ತವೆ. ಅವು ರೋಗಕ್ಕೆ ಕಾರಣವೋ, ಬರಿಯ ಜೊತೆಗಾರರೋ, ಇನ್ನೂ ಸ್ಪಷ್ಟವಿಲ್ಲ. ಅದನ್ನು ಅರಿಯಲು ರೋಗಿಗಳ ಉಗುಳು ಬೇಕು. ಎದ್ದೊಡನೆ, ಬಾಯಿ ತೊಳೆಯುವ ಮೊದಲೇ, ಕೊಳವೆಯಲ್ಲಿ ಹಿಡಿಯಬೇಕು; ತೊಳೆದರೆ ಆ ಜೀವಿಗಳ ಲೆಕ್ಕ ತಪ್ಪುತ್ತದೆ.

"ನನಗಂತೂ ಉಪಯೋಗ ಆಗಂಗಿಲ್ಲ, ಹಿಂದ ಬರೋರಿಗರೆ ಆಗಲಿ, ತಗೋರಿ," ಎಂದಳು ಅಕ್ಕ. "ಹೊಲಾ ದಾನಾ ಕೊಟ್ಟವರದಾರ, ಬಂಗಾರ ಕೊಟ್ಟವರದಾರ. ಉಗುಳು ಕೊಟ್ಟಾಕಿ ನಾನೊಬ್ಬಾಕೀನ!"

ಮರುದಿನ ಬೆಳಿಗ್ಗೆ ಕೊಳವೆ ಅವಳ ಕೈಯಲ್ಲಿತ್ತು. ನಾನು ಸ್ನಾನ ಮುಗಿಸಿ, ವಿಭೂತಿ ಧರಿಸಿ ನಿಂತಿದ್ದೆ. ತೊಳೆಯದ ಬಾಯಿಯ ಎಂಜಲನ್ನು ದಾನವೆಂದು ಕೊಡುವುದೇ — ಓದಿದ ಶಾಸ್ತ್ರವೆಲ್ಲ ಅಡ್ಡ ಬಂದಿತು. ನೀರಿನ ತಂಬಿಗೆ ಮುಂದೆ ಹಿಡಿದೆ.

"ತೊಳಿಬ್ಯಾಡ ಅಂದಾರಲ್ಲೋ ಡಾಕ್ಟರು?"

"ದಾನ ಶುದ್ಧ ಇರಬೇಕಕ್ಕಾ. ಮುಕ್ಕಳಿಸು."

"ಆತಪಾ ಪಂಡಿತಾ, ಓದಿದಾಂವ ನೀ," ಎಂದು ನಕ್ಕು ಮೂರು ಸಲ ಮುಕ್ಕಳಿಸಿದಳು. ಆಮೇಲೆ ಕೊಳವೆಗೆ ಉಗುಳಿದಳು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: "ಬಾಯಿ ತೊಳದಿಲ್ಲ ಹೌದಲ್ರಿ?"

"ಇಲ್ರಿ," ಎಂದೆ.

ನಿಜ ಹೇಳಿದ್ದರೆ ಅಂದೇ ಇನ್ನೊಂದು ಕೊಳವೆ ಕೊಡುತ್ತಿದ್ದರು; ಮರುದಿನ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಓದಿದವನು ತಪ್ಪಿದೆನೆಂದು ಒಪ್ಪಲು — ನಾಲಿಗೆ ಏಳಲಿಲ್ಲ.

ಕೊನೆಯ ದಿನಗಳಲ್ಲಿ ಅಕ್ಕ ಕೇಳಿದಳು, "ನಂದು ಉಪಯೋಗಾತೇನೋ?"

"ಆತಕ್ಕಾ."

ಅವಳು ಕಣ್ಣು ಮುಚ್ಚಿ ಸಮಾಧಾನದಿಂದ ಮಲಗಿದಳು. ಅವಳ ಆ ಸಮಾಧಾನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಕ್ಕ ಹೋಗಿ ಮೂರು ವರ್ಷ. ಕಳೆದ ವಾರ ವೈದ್ಯರು ಫೋನ್ ಮಾಡಿ, ಸಂಶೋಧನೆಯನ್ನು ಬರೆದಿಡುವ ಹಂತಕ್ಕೆ ಬಂದಿದ್ದೇವೆ ಎಂದು ತಿಳಿಸಿದರು. "ಅಕ್ಕಾರನ್ನ ಭಾಳ ನೆನಸ್ತೇವ್ರಿ," ಎಂದರು. ಅಂದು ನಡೆದದ್ದನ್ನೆಲ್ಲ ನಿನ್ನೆ ಬರೆದು ಅವರಿಗೆ ಅಂಚೆಯಲ್ಲಿ ಕಳಿಸಿದೆ. ಅವಳ ಕೊಳವೆಯನ್ನು ಎಣಿಕೆಯಿಂದ ತೆಗೆಯಿರೆಂದು ಕೇಳಿಕೊಂಡೆ. ತೆಗೆದರೆ ಅಕ್ಕ ಕೊಟ್ಟದ್ದೇನೂ ಉಳಿಯದು. ಬಿಟ್ಟರೆ, ಅವಳ ಹೆಸರಿನಲ್ಲಿ ನನ್ನ ಸುಳ್ಳು ಉಳಿಯುತ್ತದೆ —

ಉಗುಳು ಕೊಟ್ಟ ಎಲ್ಲ ರೋಗಿಗಳಿಗೆ, ಅದನ್ನು ಹೇಸದೆ ಕೈಯಲ್ಲಿ ಹಿಡಿದವರಿಗೆ, ಹಿಂದೆ ಬರುವವರಿಗೆ ಒಳ್ಳೆಯದಾಗಲಿ. ತೊಳೆಯದ ಬಾಯಿಯಿಂದಲೇ ಕೊಡಲು ಸಿದ್ಧಳಿದ್ದ ನನ್ನ ಅಕ್ಕನಿಗೆ ಶಾಂತಿಯಿರಲಿ.