ಭಾಲ್ಕಿಗೆ ಬಂದ ಸಮುದ್ರ

ಭಾಲ್ಕಿ ಸ್ಟೇಷನ್ನಿನ ಎದುರು ಚಹಾ-ಭಜಿ ಹೋಟೆಲಿಟ್ಟಿದ್ದ ಬಕ್ಕಪ್ಪನಿಗೆ, ಊರಲ್ಲಿ ಯಾರ ಬಳಿಯೂ ಇಲ್ಲದ್ದು ತನ್ನ ಬಳಿ ಇರಬೇಕೆಂಬ ಚಟ. ಒಮ್ಮೆ ಗ್ರಾಮಫೋನು ತಂದಿದ್ದ. ಹಾಡಿನ ತಟ್ಟೆ ಕೊಳ್ಳುವುದು ಮರೆತದ್ದರಿಂದ ಆರು ತಿಂಗಳು ಅದು ಸುಮ್ಮನೆ ತಿರುಗಿತು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ಹೈದರಾಬಾದಿನಲ್ಲಿ ನವಾಬರ ಮನೆಗಳ ಸಾಮಾನು ಹರಾಜಿಗೆ ಬರುತ್ತಿದ್ದವು. ಹೋಟೆಲಿಗೊಂದು ನಿಲುವುಗನ್ನಡಿ ತರಲು ಹೋದ ಬಕ್ಕಪ್ಪ, ಹುಲ್ಲಿನಲ್ಲಿ ಸುತ್ತಿದ ದೊಡ್ಡ ಗಾಜಿನ ತೊಟ್ಟಿ ಹೊರಿಸಿಕೊಂಡು ಬಂದ. ಅದು ಮೀನು ಸಾಕುವ ತೊಟ್ಟಿಯಂತೆ. ಬೇಕಾದರೆ ಸಿಹಿನೀರು ತುಂಬಿ, ಮರಳಲ್ಲಿ ನೀರಿನ ಗಿಡ ನೆಟ್ಟು, ಹಳ್ಳದ ಮೀನು ಬಿಡಬಹುದು. ಇಲ್ಲವೇ ಸಮುದ್ರದ ನೀರು ತುಂಬಿ ಹಳದಿ ನೀಲಿ ಪಟ್ಟೆಯ ಮೀನು ಸಾಕಬಹುದು ಎಂದು ಹರಾಜಿನವನು ಹೇಳಿದ್ದ.

ಬಕ್ಕಪ್ಪ ರೈಲಿನಲ್ಲೇ ಸಮುದ್ರವನ್ನು ಆರಿಸಿಕೊಂಡಿದ್ದ. ಆದರೆ ಹೆಂಡತಿ ಭೀಮಬಾಯಿ, ಒಡೆದ ಕೊಡ ಸಿಕ್ಕರೂ ಮಣ್ಣು ತುಂಬಿ ಕೊತ್ತಂಬರಿ ಹಾಕುವವಳು.

“ಬಾವ್ಯಾಗ ನೀರ ಅದ, ಹಳ್ಳದಾಗ ಗಿಡ ಅದಾವ. ಸಮುದ್ರ ಎಲ್ಲಿಂದ ತರ್ತೀರಿ?” ಎಂದು ಕೇಳಿದಳು.

“ಹಳ್ಳ ನೋಡ್ಲಾಕ ನಮ್ಮ ಹೋಟೆಲಿಗಿ ಯಾರ ಬರ್ತಾರ?” ಎಂದ ಬಕ್ಕಪ್ಪ.

ಬಾವಿಯ ನೀರಿಗೆ ಅಡುಗೆ ಉಪ್ಪು ಕದಡಿ, ಹಳ್ಳದ ಮೀನೊಂದನ್ನು ಬಿಟ್ಟು ನೋಡಿದ. ಅದು ಒಂದೇ ನೆಗೆತಕ್ಕೆ ಗಿರಾಕಿಯೊಬ್ಬನ ಭಜಿ ತಟ್ಟೆಗೆ ಬಿತ್ತು. ಭೀಮಬಾಯಿ ಅದನ್ನು ಸೆರಗಲ್ಲಿ ಹಿಡಿದು ಬಾವಿಗೆ ಬಿಟ್ಟು ಬಂದಳು.

ಆಗ ರೈಲ್ವೆ ಗಾರ್ಡ್ ಲಾಲ ಅಹ್ಮದ, ಮುಂಬಯಿಗೆ ಮದುವೆಗೆ ಹೊರಟವನು, ಮೊದಲು ನೀರು ತರುವೆ, ಮೀನು ಆಮೇಲೆ ಎಂದು ಮಾತು ಕೊಟ್ಟ. ಹಾಗೆಯೇ ಎರಡು ತಗಡಿನ ಡಬ್ಬ ತುಂಬಿಕೊಂಡು ಬಂದು ಇಳಿದ. ಬಕ್ಕಪ್ಪ ಸ್ಟೇಷನ್ನಿಗೇ ಎದುರುಗೊಳ್ಳಲು ಹೋಗಿದ್ದ. ಹೊರಗಿನ ಸರಕಿಗೆ ಹೈದರಾಬಾದ್ ರಾಜ್ಯ ಇನ್ನೂ ಸುಂಕ ಹಾಕುತ್ತಿದ್ದ ಕಾಲ. ಸ್ಟೇಷನ್ನಿನ ಸುಂಕದ ಗುಮಾಸ್ತ ಗೌಸೋದ್ದೀನ ಡಬ್ಬದಲ್ಲಿ ಏನೆಂದು ಕೇಳಿದ. ಸಮುದ್ರ ಎಂದ ಲಾಲ ಅಹ್ಮದ. ಗೌಸೋದ್ದೀನ ಬೆರಳದ್ದಿ ನಾಲಿಗೆಗೆ ಹಚ್ಚಿ ಚಿಂತೆಗೆ ಬಿದ್ದ.

“ಉಪ್ಪಿಗಿ ಸುಂಕ ಅದರಿ, ನೀರಿಗಿ ಇಲ್ಲರಿ. ಇದು ಎರಡೂ ಅದ. ನಾ ಒಬ್ಬನೇ ಹ್ಯಾಂಗ ಹೇಳ್ಲಿ, ಬಕ್ಕಪ್ಪನೋರೆ?” ಎಂದು ಬೀದರಿನ ಮೇಲಧಿಕಾರಿಗೆ ಕಾಗದ ಬರೆದು, ಡಬ್ಬಗಳನ್ನು ತನ್ನ ಮೇಜಿನ ಕೆಳಗಿಟ್ಟುಕೊಂಡ.

ಮೂರನೇ ದಿನ ಹಲಬರ್ಗಾದಿಂದ ಭೀಮಬಾಯಿಯ ಚಿಕ್ಕವ್ವ ಜನಾಬಾಯಿ ಬಂದಳು. ಎಪ್ಪತ್ತು ದಾಟಿದ ಮುದುಕಿ. ರಾಮೇಶ್ವರ ಕಾಣದೆ ಸಾಯುತ್ತೇನೆಂಬ ಕೊರಗು. ಅಲ್ಲಿಯದೂ ಇದೇ ಸಮುದ್ರವಲ್ಲವೇ ಎಂದು ಡಬ್ಬದಿಂದ ಒಂದು ಗುಟುಕು ತೀರ್ಥ ಬೇಡಿದಳು. ತಡೆದಿಟ್ಟ ಸರಕನ್ನು ಮುದುಕಿಯರು ಕುಡಿಯಬಾರದೆಂಬ ನಿಯಮ ಗೌಸೋದ್ದೀನನಿಗೆ ಎಲ್ಲಿಯೂ ಸಿಗಲಿಲ್ಲ. ಅವಳು ಕಣ್ಣು ಮುಚ್ಚಿ ಕುಡಿದು, ಮುಖ ಕಿವಿಚಿ, ಒದ್ದೆ ಕೈ ತಲೆಗೆ ಒರೆಸಿಕೊಂಡಳು. ಮರುದಿನ ಹಲಬರ್ಗಾದಿಂದ ನಾಲ್ಕು ಗಾಡಿ ಜನ ಬಂದರು. ಎಲ್ಲರೂ ಕೈ ಅದ್ದುತ್ತಾರೆಂದು ಗೌಸೋದ್ದೀನನ ಹೆಂಡತಿ ಕುಬರಾ ಮನೆಯಿಂದ ಚಮಚ ಕಳಿಸಿದಳು. ಎತ್ತಿನ ಹುಣ್ಣಿಗೆ ಒಳ್ಳೆಯದೆಂದು ಒಬ್ಬ ಒಂದು ಚೊಂಬು ಒಯ್ದ.

ಹನ್ನೆರಡನೇ ದಿನ ಬೀದರಿನಿಂದ ಹುಕುಂ ಬಂತು: ನೀರು ಕುದಿಸಿ ಬತ್ತಿಸಿ, ಉಳಿದ ಉಪ್ಪಿಗೆ ಸುಂಕ ಹಾಕತಕ್ಕದ್ದು. ಅಷ್ಟರಲ್ಲಿ ಒಂದು ಡಬ್ಬ ಬರಿದಾಗಿ, ಇನ್ನೊಂದರಲ್ಲಿ ಅರ್ಧ ಲೋಟದಷ್ಟು ನಾತದ ನೀರು ಉಳಿದಿತ್ತು. ಅದನ್ನು ಹೋಟೆಲಿನ ಒಲೆಯ ಮೇಲೆ, ಎಲ್ಲರ ಸಮಕ್ಷಮ ಕುದಿಸಿದರು. ಪಾತ್ರೆಯ ತಳದಲ್ಲಿ ಚಿಟಿಕೆ ಉಪ್ಪು ಉಳಿಯಿತು. ತಕ್ಕಡಿ ಅಲುಗಲೇ ಇಲ್ಲ. ಗೌಸೋದ್ದೀನ ನಿರಾಳನಾಗಿ ಅದನ್ನು ಕಾಗದದಲ್ಲಿ ಕಟ್ಟಿ ಬಕ್ಕಪ್ಪನ ಕೈಗಿತ್ತು, ಇನ್ನು ಸಮುದ್ರ ನಿಮ್ಮದು ಎಂದ.

ಬಕ್ಕಪ್ಪ ಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟು, “ನಿನ್ನ ಗಿಡಾನೇ ಹಾಕು” ಎಂದ.

ಭೀಮಬಾಯಿ ಬುಟ್ಟಿ ಹಿಡಿದು ಹಳ್ಳಕ್ಕೆ ನಡೆದಳು. ವಾರದಲ್ಲಿ ತೊಟ್ಟಿ ಹಸಿರಾಯಿತು. ಬೆರಳುದ್ದದ ಐದು ಬೂದು ಮೀನು, ಗಿಡದ ಜೊತೆ ಕರೆಯದೆ ಬಂದ ಒಂದು ಬಸವನಹುಳು. ಗಿರಾಕಿಗಳು ಒಂದೇ ಚಹಾಕ್ಕೆ ಗಂಟೆಗಟ್ಟಲೆ ಕೂರುತ್ತಾರೆಂದು ಬಕ್ಕಪ್ಪ ಗೊಣಗುತ್ತಿದ್ದ. ಅವರಿಗಿಂತ ಹೆಚ್ಚು ಹೊತ್ತು ಅವನೇ ಕೂರುತ್ತಿದ್ದ. ಶ್ರಾವಣದಲ್ಲಿ ಎಲೆಯ ಹಿಂದೆ ಬಸವನಹುಳು ಮೊಟ್ಟೆ ಇಟ್ಟಾಗ, ತೊಟ್ಟಿಯಿಟ್ಟ ಮೇಜು ಅಲುಗಬಾರದೆಂದು ಅವನು ಎರಡು ದಿನ ಹೋಟೆಲಿನ ಬಾಗಿಲು ತೆಗೆಯಲಿಲ್ಲ.