ದೊಡ್ಡವ್ವ ಆರಿಸಿದ ಹಳದಿ

ಮೊನ್ನೆ ಭಾನುವಾರ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿದೆ. ನಮ್ಮ ಶಾಲೆಯ ಗೋಡೆಗೆ ಮಕ್ಕಳ ಕೈಯಲ್ಲಿ ಚಿತ್ರ ಬರೆಸಬೇಕಿತ್ತು, ಅದಕ್ಕೆ ನನ್ನ ಹಳೆಯ ಅಗಲದ ಬ್ರಷ್ಷುಗಳು ಬೇಕಿದ್ದವು. ಮುಚ್ಚಳ ತೆಗೆದದ್ದೇ ತಡ, ಮೂಗಿಗೆ ಬಡಿಯಿತು ನೋಡಿ ಆ ವಾಸನೆ! ಎಣ್ಣೆ ಬಣ್ಣದ್ದಲ್ಲ, ಟರ್ಪೆಂಟೈನಿನದೂ ಅಲ್ಲ. ಬೆಂದ ಹೊಗೆಸೊಪ್ಪಿನ ವಾಸನೆ. ಒಣಹುಲ್ಲು, ಹಳೇ ಬೆಲ್ಲ, ಜೊತೆಗೆ ಒಂದಿಷ್ಟು ಬೆವರು ಸೇರಿದಂಥದ್ದು. ಕೆ.ಆರ್. ನಗರದ ಬಾಡಿಗೆ ಮನೆಯ ಹಜಾರದಲ್ಲಿ ಕೂತಿದ್ದವಳು ಒಂದೇ ಏಟಿಗೆ ನಮ್ಮೂರಿನ ಜಗಲಿಯಲ್ಲಿದ್ದೆ. ಬ್ರಷ್ಷುಗಳ ಕೆಳಗೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಹನ್ನೊಂದು ಎಲೆಗಳ ಕಟ್ಟು ಇತ್ತು. ಕಟ್ಟಿಕೊಟ್ಟವಳು ನಮ್ಮ ಪಕ್ಕದ ಮನೆಯ ದೊಡ್ಡವ್ವ...

ದೊಡ್ಡವ್ವ ಎಂದರೆ ರಕ್ತಸಂಬಂಧವೇನೂ ಇಲ್ಲ. ಮಾತು ಬಂದಾಗಿನಿಂದ ಹಾಗೇ ಕರೆದದ್ದು, ಅಷ್ಟೆ. ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇದೆ. ಅಲ್ಲಿ ಹೊಗೆಸೊಪ್ಪು ಬೆಳೆಯದ ಮನೆ ಹುಡುಕಿದರೂ ಸಿಗುವುದಿಲ್ಲ. ಹೊಲದಿಂದ ಹಸಿರು ಎಲೆ ಕಿತ್ತು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಗೂಡುಮನೆಯಲ್ಲಿ ನೇತುಹಾಕಿ, ಬೆಂಕಿಯ ಕಾವಿನಲ್ಲಿ ಬೇಯಿಸುತ್ತಾರೆ. ಹಸಿರು ಒಳಗೆ ಹೋಗಿ ಹಳದಿ ಹೊರಗೆ ಬರುತ್ತದೆ. ಆದರೆ ಎಲ್ಲವೂ ಒಂದೇ ಹಳದಿಯಲ್ಲ. ಅದನ್ನು ಬಣ್ಣಕ್ಕೆ ತಕ್ಕ ಹಾಗೆ ವಿಂಗಡಿಸುವುದೇ ಗ್ರೇಡಿಂಗ್. ಆ ಕೆಲಸದಲ್ಲಿ ಸುತ್ತಲ ಹತ್ತೂರಿಗೆ ನಮ್ಮ ದೊಡ್ಡವ್ವನನ್ನು ಮೀರಿಸಿದವರಿರಲಿಲ್ಲ. ತಮಾಷೆ ಏನೆಂದರೆ, ಅವಳು ಹುಟ್ಟಿದ್ದು ಅಂತರಸಂತೆಯ ಕಡೆ, ಕಾಡಂಚಿನಲ್ಲಿ. ಮದುವೆಯಾಗಿ ಬರುವವರೆಗೆ ಹೊಗೆಸೊಪ್ಪಿನ ಗಿಡವನ್ನೇ ನೋಡಿರಲಿಲ್ಲವಂತೆ.

ಅವಳದೊಂದು ಕಟ್ಟುನಿಟ್ಟು ಇತ್ತು. ಗ್ರೇಡಿಂಗಿಗೆ ಕೂರುವುದು ನಮ್ಮ ಮನೆಯ ಬಡಗಲ ಜಗಲಿಯಲ್ಲಿ ಮಾತ್ರ, ಬಿಸಿಲು ನೇರ ಬೀಳದ ಕಡೆ. ಬೆಳಕು ಇಳಿಯಿತು ಎಂದರೆ ಕೈಯಲ್ಲಿದ್ದ ಎಲೆಯನ್ನೂ ಕೆಳಗಿಟ್ಟು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಒಂದು ವರ್ಷ ನಮ್ಮಪ್ಪ ಅವಸರಕ್ಕೆ ಬಿದ್ದು, ಅವಳು ಬೇಡವೆಂದರೂ ಕೇಳದೆ, ಬಲ್ಬು ಹಾಕಿಸಿ ಉಳಿದ ಹೆಂಗಸರ ಕೈಲಿ ಕೆಲಸ ಮುಗಿಸಿದ. ಬಲ್ಬಿನ ಕೆಳಗೆ ಕಂದು ಎಲೆಯೂ ಹೊಂಬಣ್ಣವೇ. ಹರಾಜಿನಲ್ಲಿ ಬೇಲ್, ಅಂದರೆ ಸೊಪ್ಪಿನ ಮೂಟೆ, ಬಿಚ್ಚಿದವರು ಒಂದೇ ನೋಟಕ್ಕೆ ಬೆರಕೆ ಎಂದು ಪಕ್ಕಕ್ಕೆ ತಳ್ಳಿದರು. ಅಪ್ಪ ವಾಪಸ್ ತಂದು ಜಗಲಿಗೆ ಇಳಿಸಿದ ಮರುದಿನ ಬೆಳಿಗ್ಗೆಯೇ ದೊಡ್ಡವ್ವ ಬಂದು ಮೊದಲಿಂದ ಆರಿಸಲು ಕೂತಳು.

ಇಷ್ಟೆಲ್ಲ ಕಣ್ಣಾರೆ ನೋಡಿ ಬೆಳೆದವಳು ನಾನು. ಆದರೂ ಅದೇ ತಪ್ಪು ಮಾಡಿದೆ! ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೆ, ಕೊನೆಯ ವರ್ಷ. ಒಂದು ದೊಡ್ಡ ಎಣ್ಣೆಚಿತ್ರ ಮಾಡಿ ಪ್ರದರ್ಶನಕ್ಕೆ ಇಡಬೇಕು, ಪರೀಕ್ಷಕರು ಒಪ್ಪಿದರೆ ಪಾಸು, ಇಲ್ಲವಾದರೆ ವರ್ಷವೇ ಹೋಯಿತು. ವರ್ಷ ಹೋದರೆ ಮತ್ತೆ ಓದಿಸುವುದಿಲ್ಲ, ಬಣ್ಣ ಬಳಿಯುವುದಕ್ಕೆ ಇಷ್ಟು ವರ್ಷ ಸಾಕು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ನಾನು ಗ್ರೇಡಿಂಗ್ ಹೆಂಗಸರನ್ನೇ ಬರೆಯುತ್ತೇನೆಂದು ಕ್ಯಾನ್ವಾಸು ಹೊತ್ತು ಊರಿಗೆ ಬಂದೆ.

ಆಗ ನನ್ನ ತಲೆ ತುಂಬ ಕಾಲೇಜಿನ ಮಾತುಗಳೇ. ದುಡಿಮೆ ಎಂದರೆ ನೋವು, ನೋವು ಎಂದರೆ ಕತ್ತಲು! ಬಾಗಿದ ಬೆನ್ನು, ಗುಳಿಬಿದ್ದ ಕಣ್ಣು, ಸುತ್ತಲೂ ಹೊಗೆಯ ಬಣ್ಣ. ಹಗಲೆಲ್ಲ ಜಗಲಿಯಲ್ಲಿ ನಗು, ಗಲಾಟೆ, ಒಬ್ಬರ ಗಂಡನನ್ನು ಇನ್ನೊಬ್ಬರು ಆಡಿಕೊಳ್ಳುವುದು. ಅದೆಲ್ಲ ನನ್ನ ಗಂಭೀರ ಕಲೆಗೆ ಅಡ್ಡಿ ಎಂದು, ಅವರು ಎದ್ದು ಹೋದ ಮೇಲೆ ಸಂಜೆ ಬಲ್ಬು ಹಾಕಿಕೊಂಡು ಬರೆಯುತ್ತಿದ್ದೆ. ಎಷ್ಟು ಬುದ್ಧಿವಂತೆ ನೋಡಿ.

ಪ್ರದರ್ಶನಕ್ಕೆ ಒಂಬತ್ತು ದಿನ ಇದ್ದಾಗ ಚಿತ್ರ ಮುಗಿಯಿತು. ಹೆಮ್ಮೆಯಿಂದ ದೊಡ್ಡವ್ವನನ್ನು ಕರೆದು ತೋರಿಸಿದೆ. ಅವಳು ಕೈ ತೊಳೆದುಕೊಂಡು ಬಂದು, ದೇವರ ಮುಂದೆ ನಿಂತ ಹಾಗೆ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಾವೆಲ್ಲ ಯಾರ ಸಾವಿಗೆ ಕುಂತಿವಿ ಮಗಾ?"

ನನಗೆ ಮೈ ಉರಿಯಿತು. ಅದಕ್ಕೊಂದು ಅರ್ಥವಿದೆ, ಅದು ನಿಮ್ಮ ಕಷ್ಟದ ಸಂಕೇತ, ನಿನಗೆ ತಿಳಿಯುವುದಿಲ್ಲ ಎಂದೆಲ್ಲ ಕೂಗಾಡಿದೆ. ಅವಳು ನನ್ನ ಕೂಗಾಟವನ್ನು ಸೊಳ್ಳೆಯಷ್ಟೂ ಲೆಕ್ಕಿಸಲಿಲ್ಲ. ಕಷ್ಟ ಇಲ್ಲ ಅಂತ ತಾನು ಹೇಳಲಿಲ್ಲ, ಸೊಂಟ ನೋಯುವುದು ತನಗೆ ಗೊತ್ತಿಲ್ಲವೇ, ಆದರೆ ಚಿತ್ರದಲ್ಲಿ ತಾವೂ ಇಲ್ಲ, ಸೊಪ್ಪೂ ಇಲ್ಲ ಎಂದಳು. ಚಿತ್ರದ ನಡುವಿನ ಎಲೆರಾಶಿಯ ಕಡೆ ಬೆರಳು ತೋರಿಸಿದಳು.

"ಇದ ನೀನು ಬಲ್ಪಿನ ಕೆಳಗೆ ನೋಡಿದ್ದೀಯ ಕಣವ್ವ. ಬೆಳಕಲ್ಲಿ ನೋಡೇ ಇಲ್ಲ."

ಸಿಟ್ಟಿಗೆ ಆ ಸಂಜೆ ನಾನು ಊಟ ಮಾಡಲಿಲ್ಲ. ಅವಳ ಮಾತು ಸುಳ್ಳು ಮಾಡಲೆಂದೇ ಬೆಳಿಗ್ಗೆ ಎದ್ದು ಕ್ಯಾನ್ವಾಸನ್ನು ಬಡಗಲ ಜಗಲಿಗೆ ಎಳೆದು ತಂದು, ನಿಜವಾದ ರಾಶಿಯ ಪಕ್ಕಕ್ಕೆ ನಿಲ್ಲಿಸಿದೆ. ಅಯ್ಯೋ... ರಾಶಿ ಬೆಳಗುತ್ತಿತ್ತು. ನನ್ನ ಹಳದಿ ಕೆರೆಯ ಕೆಸರಿನ ಹಾಗೆ ಇತ್ತು. ನಮ್ಮಪ್ಪನ ಬೇಲ್ ವಾಪಸ್ ಬಂದಂತೆಯೇ ನನ್ನದೂ ವಾಪಸ್ ಬಂತು, ಅದೂ ಹರಾಜಿಗೆ ಹೋಗುವ ಮೊದಲೇ. ಅಳು ಬಂತು. ಅತ್ತುಬಿಟ್ಟೆ. ದೊಡ್ಡವ್ವ ಪಕ್ಕದಲ್ಲಿ ಗೋಣಿಚೀಲ ಹಾಸಿ, ಬ್ರಷ್ಷು ಒಳಗಿಟ್ಟು ಬಂದು ಕೂರು, ಎಲೆ ಆರಿಸು ಎಂದಳು. ಒಂಬತ್ತರಲ್ಲಿ ಒಂದು ದಿನ ಹೋಯಿತು ಎಂದೆ. ಇನ್ನೂ ಎರಡು ಹೋಗುತ್ತವೆ, ಹೋಗಲಿ ಎಂದಳು.

ಹೀಗೆ ಮೂರು ದಿನ ಆರಿಸಿದೆ. ಮೊದಲ ದಿನ ನನಗೆ ಕಂಡದ್ದು ಮೂರೇ ಬಣ್ಣ. ಅವಳು ಹನ್ನೊಂದು ಗುಡ್ಡೆ ಹಾಕುತ್ತಿದ್ದಳು. ಹರಾಜಿನವರ ಇಂಗ್ಲಿಷ್ ಹೆಸರುಗಳು ಅವಳಿಗೆ ಬೇಕಿರಲಿಲ್ಲ, ತನ್ನದೇ ಹೆಸರುಗಳಿದ್ದವು. ಮಾಗಿದ ರಸಬಾಳೆ. ಹಸುವಿನ ತುಪ್ಪ. ಹುರಿಗಡಲೆ. ಬೆಲ್ಲದ ಎಳೆಪಾಕ, ಬೆಲ್ಲದ ಗಟ್ಟಿಪಾಕ, ಇವೆರಡೂ ಬೇರೆ ಬೇರೆ ಗುಡ್ಡೆ! ಒಂದಕ್ಕಂತೂ 'ಮದುಮಗಳ ಮೂರನೇ ದಿನ' ಎಂದು ಹೆಸರು. ಹಚ್ಚಿದ ಅರಿಸಿನ ಮೂರನೇ ದಿನಕ್ಕೆ ಕೆನ್ನೆಯ ಮೇಲೆ ಉಳಿಯುತ್ತದಲ್ಲ, ಆ ಬಣ್ಣ. ನಾನು ಚಿತ್ರಕಲೆ ಓದಿದ ನಾಲ್ಕು ವರ್ಷದಲ್ಲಿ ಒಂದು ಬಣ್ಣವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಇದು ಕವಿತೆಯಲ್ಲವೇ ದೊಡ್ಡವ್ವ ಎಂದರೆ, ಅದೆಲ್ಲ ಏನೂ ಇಲ್ಲ, ಹೆಸರಿಡದಿದ್ದರೆ ಕೈಗೆ ನೆನಪಿರುವುದಿಲ್ಲ ಎಂದಳು. ನಾನು ತಪ್ಪು ಗುಡ್ಡೆಗೆ ಹಾಕಿದಾಗಲೆಲ್ಲ ಪಕ್ಕದಲ್ಲಿದ್ದ ಆರು ಹೆಂಗಸರೂ ಒಟ್ಟಿಗೆ ನಗುತ್ತಿದ್ದರು.

ಮೂರನೇ ದಿನ ಬೆಳಗಿನ ಹತ್ತು ಗಂಟೆ ಇರಬಹುದು. ಒಂದು ಎಲೆ ಎತ್ತಿದೆ, ಕೈ ತಾನಾಗಿ ತುಪ್ಪದ ಗುಡ್ಡೆಗೆ ಹೋಯಿತು. ಇನ್ನೊಂದು ಎತ್ತಿದೆ, ಹುರಿಗಡಲೆ. ಇನ್ನೊಂದು... ಬೇಗ ಬೇಗ ಎತ್ತತೊಡಗಿದೆ. ಒಂದೇ ರಾಶಿ ಅಂದುಕೊಂಡಿದ್ದದ್ದು ಕಣ್ಣೆದುರೇ ಹನ್ನೊಂದಾಗಿ ಒಡೆದುಕೊಂಡಿತು. ಕಂಡಿತು! ನನಗೆ ಕಂಡಿತು! ಎದ್ದು ಬೀದಿಗೆ ಓಡಿದೆ. ಬೀದಿಯ ಧೂಳಿನಲ್ಲಿ ನಾಲ್ಕು ಬಣ್ಣ ಇತ್ತು. ಎದುರು ಮನೆಯ ಸುಣ್ಣದ ಗೋಡೆಯಲ್ಲಿ ನೀಲಿ ಇತ್ತು. ಕಟ್ಟಿಹಾಕಿದ್ದ ಕರಿ ಎಮ್ಮೆ ಕರಿಯಾಗಿರಲೇ ಇಲ್ಲ, ಬೆನ್ನ ಮೇಲೆ ಆಕಾಶ ಹೊತ್ತು ನಿಂತಿತ್ತು. ಹುಚ್ಚಿಯ ಹಾಗೆ ಎಮ್ಮೆಯ ಸುತ್ತ ಎರಡು ಸುತ್ತು ಬಂದೆ. ಇವಳಿಗೆ ಏನೋ ಬಡಿದಿದೆ ಎಂದು ನಮ್ಮಪ್ಪ ಕೂಗಿಕೊಂಡು ಬಂದ. ಬಿಡು, ಹುಡುಗಿಗೆ ಕಣ್ಣು ಬಂತು ಎಂದು ದೊಡ್ಡವ್ವ ಜಗಲಿಯಿಂದಲೇ ಕೂಗಿ ಹೇಳಿದಳು. ಬದುಕಿನಲ್ಲಿ ಅಂಥ ಬೆಳಗು ಇನ್ನೊಂದು ನನಗೆ ಬಂದಿಲ್ಲ.

ಆ ಸಂಜೆಯೇ ಅವಳು ಹನ್ನೊಂದು ಗುಡ್ಡೆಯಿಂದ ಒಂದೊಂದು ಎಲೆ ಆರಿಸಿ, ಬಣ್ಣದ ಸಾಲಿಗೆ ಜೋಡಿಸಿ, ತೊಟ್ಟಿಗೆ ದಾರ ಸುತ್ತಿ ಕೊಟ್ಟದ್ದು. ಮರೆತರೆ ನೋಡಿಕೋ ಎಂದಳು.

ಉಳಿದ ಆರು ದಿನ ಬೆಳಕಿದ್ದಷ್ಟು ಹೊತ್ತು ಬರೆದೆ. ಹಳೆಯ ಕತ್ತಲನ್ನೆಲ್ಲ ಕೆರೆದು ತೆಗೆದೆ. ಏಳು ಜನ ಹೆಂಗಸರು, ಒಬ್ಬಳು ಬಾಯಿ ತುಂಬ ನಗುತ್ತ, ಒಬ್ಬಳು ಸೊಂಟಕ್ಕೆ ಕೈ ಕೊಟ್ಟು, ನಡುವೆ ಆ ರಾಶಿ. ಸೊಂಟದ ನೋವೂ ಬಂತು, ನಗುವೂ ಬಂತು, ಒಂದಕ್ಕೊಂದು ಜಗಳವಾಡಲಿಲ್ಲ. ಮುಗಿದ ದಿನ ದೊಡ್ಡವ್ವ ಮತ್ತೆ ಕೈ ತೊಳೆದುಕೊಂಡು ಬಂದಳು. ಮುಖಗಳನ್ನು ನೋಡಲೇ ಇಲ್ಲ, ನೇರ ರಾಶಿಗೇ ಕಣ್ಣು. ರಸಬಾಳೆ, ತುಪ್ಪ, ಎಳೆಪಾಕ ಎಂದು ತುಟಿಯಲ್ಲೇ ಹೇಳಿಕೊಂಡು ಬಂದು ಒಂದು ಕಡೆ ನಿಂತಳು. ಈ ಬಣ್ಣ ಎಷ್ಟು ದಿನ ಹೀಗೇ ಇರುತ್ತದೆ ಎಂದು ಕೇಳಿದಳು. ಚೆನ್ನಾಗಿ ಇಟ್ಟುಕೊಂಡರೆ ನೂರಾರು ವರ್ಷ, ನಾವು ಹೋದ ಮೇಲೂ ಇರುತ್ತದೆ ಎಂದೆ. ಅವಳು ಹಾಗೇ ಕೆಳಗೆ ಕೂತುಬಿಟ್ಟಳು.

"ಮದ್ವೆಯಾಗಿ ಬಂದಾಗ್ನಿಂದ ಬಣ್ಣ ಆರಿಸ್ತಾ ಇವ್ನಿ ಮಗಾ. ಒಂದೂ ನಿಲ್ನಿಲ್ಲ. ಎಲ್ಲಾ ಬೇಲ್ ಕಟ್ಕಂಡು ಓಯ್ತು, ಯಾರೋ ಸುಟ್ರು, ಒಗೆಯಾಯ್ತು. ಇದೊಂದ್ ನಿಂತ್ಕತು."

ಕಲೆ ಯಾಕೆ ಬೇಕು ಎಂದು ನನ್ನ ಶಾಲೆಯ ಮಕ್ಕಳು ಈಗಲೂ ಕೇಳುತ್ತಾರೆ. ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಆದರೂ ಆ ಪ್ರಶ್ನೆ ಬಂದರೆ ನನ್ನ ಬಾಯಿಗೆ ಬರುವುದು ಇದೇ ಮಾತು.

ಚಿತ್ರ ಹಸಿಯಾಗಿಯೇ, ಬೇಲ್ ತುಂಬಿದ ಟೆಂಪೋದಲ್ಲಿ ಹೊರಟು, ಹುಣಸೂರು ದಾಟಿ ಮೈಸೂರು ಸೇರಿತು. ದೊಡ್ಡವ್ವನೂ ಮೂವರು ಹೆಂಗಸರನ್ನು ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು ಬಸ್ಸಿನಲ್ಲಿ ಬಂದಳು. ನಮ್ಮ ಹಿರಿಯ ಮೇಷ್ಟ್ರು ಪರೀಕ್ಷಕರಿಗೆ ನನ್ನ ಚಿತ್ರ ವಿವರಿಸುತ್ತಿದ್ದರು. ಈ ಹಳದಿ ಇದೆಯಲ್ಲ, ಇದು ಬಂಡವಾಳದ ದುರಾಸೆಯ ಸಂಕೇತ ಎಂದರು. ಹಿಂದಿನಿಂದ ಒಂದು ದನಿ ಬಂತು.

"ಅಲ್ಲ ಸಾಮಿ. ಅದು ಮೂರನೇ ಕುಯ್ಲು ಸೊಪ್ಪು. ಮಳೆ ಅದವಾಗಿ ಆದ ವರ್ಸ ಮಾತ್ರ ಆ ಬಣ್ಣ ಕೊಡ್ತದೆ."

ಮೇಷ್ಟ್ರು ತಿರುಗಿ ನೋಡಿದರು. ಪುಣ್ಯಾತ್ಮರು, ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ಸರಿಮಾಡಿಕೊಂಡು, ನೀವೇ ಹೇಳಿ ತಾಯಿ ಎಂದು ಪಕ್ಕಕ್ಕೆ ಸರಿದರು. ಅವಳು ಹೇಳಿದಳು ನೋಡಿ! ಇದು ತುಪ್ಪ, ಇದು ಎಳೆಪಾಕ, ಇದನ್ನು ಅದರ ಪಕ್ಕ ಇಟ್ಟರೆ ಅದು ಏಳುತ್ತದೆ, ಒಂಟಿಯಾಗಿಟ್ಟರೆ ಸಾಯುತ್ತದೆ... ಬಣ್ಣ ಬಣ್ಣಕ್ಕೆ ಏನು ಮಾಡುತ್ತದೆ ಎಂದು ಮೇಷ್ಟ್ರು ನಮಗೆ ಒಂದು ವರ್ಷ ಪಾಠ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸಿದಳು. ನಾನು ಪಾಸಾದೆ. ಪಾಸಾದವಳು ಯಾರು ಎಂದು ನನಗೆ ಗೊತ್ತು.

ಚಿತ್ರವನ್ನು ಅವಳಿಗೇ ಕೊಡಲು ಹೋದೆ. ಒಲೆಯ ಹೊಗೆ ಹಿಡಿಯುತ್ತದೆ, ನೀನೇ ಇಟ್ಟುಕೋ ಎಂದಳು. ನನಗೆ ಕೆ.ಆರ್. ನಗರದಲ್ಲಿ ಕೆಲಸವಾದ ಮೇಲೆ, ಸಾಲಿಗ್ರಾಮದ ಮಗಳ ಮನೆಗೆ ಹೋಗುವಾಗ ವರ್ಷಕ್ಕೊಮ್ಮೆ ನಡುವೆ ಇಳಿದು ನಮ್ಮನೆಗೆ ಬರುತ್ತಿದ್ದಳು. ಬಂದವಳು ನೀರು ಕುಡಿಯುವ ಮೊದಲು ಚಿತ್ರದ ಮುಂದೆ ನಿಲ್ಲಬೇಕು. ನಾಲ್ಕು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂತು. ಎಲ್ಲರೂ ಕರೆದರೂ, ಕಣ್ಣು ಸುಳ್ಳು ಹೇಳುತ್ತಿದೆ ಎಂದು ಗ್ರೇಡಿಂಗಿಗೆ ಕೂರುವುದನ್ನು ತಾನಾಗಿಯೇ ಬಿಟ್ಟಳು. ಹೋದ ವರ್ಷ ಬಂದಾಗ ಚಿತ್ರದ ಹತ್ತಿರ ಹತ್ತಿರ ಹೋಗಿ, ಏನೂ ಕಾಣದೆ, ನನ್ನ ಕಡೆ ತಿರುಗಿದ್ದಳು.

"ಇನ್ನೂ ಅಳದಿಯಾಗೇ ಅದಾ ಮಗಾ?"

ಅದೆ ದೊಡ್ಡವ್ವ ಎಂದಿದ್ದೆ. ಈ ಆಷಾಢದಲ್ಲಿ ಹೋದಳು. ಆಪರೇಷನ್‌ಗೆ ದಿನ ಗೊತ್ತುಮಾಡಿದ್ದರು, ಅಷ್ಟರಲ್ಲಿ... ಸುದ್ದಿ ಬಂದಾಗ ನಾನು ತರಗತಿಯಲ್ಲಿ ಮಕ್ಕಳಿಗೆ ಹಳದಿ ಬೆರೆಸುವುದನ್ನು ತೋರಿಸುತ್ತಿದ್ದೆ. ಬೆರೆಸಿದ್ದು ಹಾಗೇ ಒಣಗಿಹೋಯಿತು.

ಮೊನ್ನೆ ಆ ಕಟ್ಟನ್ನು ಬಿಚ್ಚಿ, ಹನ್ನೊಂದು ಎಲೆಗಳನ್ನೂ ಬಡಗಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಹರಡಿದೆ. ಒಳ್ಳೆಯ ಬೆಳಕಿತ್ತು. ತುಪ್ಪ ಯಾವುದು, ರಸಬಾಳೆ ಯಾವುದು, ಮದುಮಗಳ ಮೂರನೇ ದಿನ ಯಾವುದು ಎಂದು ಎಷ್ಟು ಹೊತ್ತು ಹುಡುಕಿದೆನೋ. ಇಷ್ಟು ವರ್ಷಕ್ಕೆ ಹನ್ನೊಂದೂ ಒಂದೇ ಕಂದು ಬಣ್ಣಕ್ಕೆ ತಿರುಗಿಬಿಟ್ಟಿದ್ದವು. ಹುಡುಕುತ್ತ ಹುಡುಕುತ್ತ ಅವಳು ಜೋಡಿಸಿದ್ದ ಸಾಲನ್ನೂ ನನ್ನ ಕೈಯಾರೆ ಕಲಸಿಬಿಟ್ಟೆ. ಇನ್ನು ಅದನ್ನು ಸರಿಮಾಡಲು ಬಲ್ಲವರು ಯಾರೂ ಇಲ್ಲ.

ಚಿತ್ರವಿದ್ದ ಗೋಡೆಯ ಕಡೆ ತಿರುಗಿದೆ. ಏಳು ಹೆಂಗಸರ ನಡುವೆ ರಾಶಿ ಬೆಳಗುತ್ತಿತ್ತು, ತುಪ್ಪ ತುಪ್ಪವಾಗಿ, ಪಾಕ ಪಾಕವಾಗಿ. ಇನ್ನೂ ಹಳದಿಯಾಗೇ ಅದೆ ದೊಡ್ಡವ್ವ ಎಂದು ಜೋರಾಗಿಯೇ ಹೇಳಿದೆ. ಈ ವರ್ಷ ಅದನ್ನು ಕೇಳುವುದಕ್ಕೆ ಅವಳು ಬರಲಿಲ್ಲ.